ಸವೆತವೂ ವಿವೇಕವೂ

ಮುರಿದ ವಸ್ತುವನ್ನು ಬದಲಿಸಬೇಕೆಂದು ತಿಳಿಯುವುದಕ್ಕೆ ವಿಶೇಷವಾದ ಬುದ್ಧಿಶಕ್ತಿ ಬೇಕಾಗಿಲ್ಲ. ಮುರಿದುದು ತನ್ನ ಅವಸ್ಥೆಯನ್ನು ತಾನೇ ಸಾರುವುದು, ಕೆಲಸವು ನಿಂತುಹೋಗುವುದು, ಒಡೆಯನು ಇಷ್ಟವಿದ್ದರೂ ಇಲ್ಲದಿದ್ದರೂ ಹಣದ ಚೀಲವನ್ನು ಬಿಚ್ಚಬೇಕಾಗುವುದು. ವಿಚಾರವು ಬೇಕಾಗುವುದು ಇನ್ನೂ ಮುರಿಯದಿರುವ ವಸ್ತುವಿನ ವಿಷಯದಲ್ಲಿ. ಇಂದು ಬೆಳಗ್ಗೆ ತನ್ನ ಕೆಲಸವನ್ನು ಕುಂದಿಲ್ಲದೆ ನಡೆಸಿದ, ನಾಳೆಯೂ ನಡೆಸಬಹುದಾದ ಒಂದು ಅಂಗವನ್ನು ಕಿತ್ತು ಬಿಸುಡುವುದು ಯಾವಾಗ ವಿವೇಕ, ಯಾವಾಗ ದುಂದುಗಾರಿಕೆ? ಅದನ್ನು ಹಾಗೆಯೇ ಇಟ್ಟುಕೊಳ್ಳುವುದು ಯಾವಾಗ ಮಿತವ್ಯಯ, ಯಾವಾಗ ಅಪರಾಧ? ಈ ಪ್ರಶ್ನೆಯು ಮನೆಯ ತೊಲೆಗೂ ಬಾವಿಯ ಹಗ್ಗಕ್ಕೂ ಹಡಗಿನ ಹಲಗೆಗೂ ಸಮನಾಗಿ ಸಲ್ಲುವುದು. ಆದರೆ ಅದು ಅತ್ಯಂತ ತೀಕ್ಷ್ಣವಾಗಿ ಕಾಣಿಸಿಕೊಳ್ಳುವ ಸ್ಥಳಗಳಲ್ಲೊಂದು, ವಯಸ್ಸಾದ ಸ್ಪೋರ್ಟ್ಸ್ ಕಾರಿನ ಎಂಜಿನ್ನು. ಅದರ ವಾಲ್ವುಗಳಿಗೂ ಪಿಸ್ಟನ್ನುಗಳಿಗೂ ಕಾಲವನ್ನು ಹೊಂದಿಸಿಕೊಡುವ ಸರಪಣಿಯನ್ನೋ ಪಟ್ಟಿಯನ್ನೋ ಯಾವಾಗ ಬದಲಿಸಬೇಕೆಂಬುದು ಯಂತ್ರಜ್ಞನ ಪ್ರಶ್ನೆ ಮಾತ್ರವಲ್ಲ. ಅದು ಧರ್ಮವಿಚಾರವೂ ಹೌದು.

ಮೊದಲು ಯಂತ್ರದ ಕ್ರಮವನ್ನು ಅರಿಯಬೇಕು. ಸಾಮಾನ್ಯವಾದ ಪೆಟ್ರೋಲ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿನ ಕಾರ್ಯವೂ ನಾಲ್ಕು ಘಟ್ಟಗಳಾಗಿ ನಡೆಯುವುದು: ಗಾಳಿಯನ್ನೂ ಇಂಧನವನ್ನೂ ಒಳಕ್ಕೆಳೆದುಕೊಳ್ಳುವುದು, ಅವನ್ನು ಒತ್ತುವುದು, ಉರಿಸುವುದು, ಹೊಗೆಯನ್ನು ಹೊರದೂಡುವುದು. ಈ ನಾಲ್ಕೂ ಮುಗಿಯುವಷ್ಟರಲ್ಲಿ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟು ಎರಡು ಸುತ್ತು ತಿರುಗಿರುವುದು. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟು ಒಂದೇ ಸುತ್ತು ತಿರುಗಿರುವುದು. ಎರಡಕ್ಕೆ ಒಂದು ಎಂಬ ಈ ಪ್ರಮಾಣವು ಎಂದಿಗೂ ತಪ್ಪಬಾರದು. ಎಂಜಿನ್ನು ನಿಮಿಷಕ್ಕೆ ೬೦೦೦ ಸುತ್ತಿನಂತೆ ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ ೫೦ ಸಾರಿ ತೆರೆದು ಮುಚ್ಚುವುದು. ಹೆಚ್ಚಿನ ಬಲಕ್ಕಾಗಿ ಕಟ್ಟಿದ ಅನೇಕ ಸ್ಪೋರ್ಟ್ಸ್ ಕಾರುಗಳ ಎಂಜಿನ್ನುಗಳಲ್ಲಿ, ತೆರೆದ ವಾಲ್ವು ಇಳಿದು ನಿಲ್ಲುವ ಸ್ಥಳವೂ ಪಿಸ್ಟನ್ನು ಏರಿ ತಲಪುವ ಸ್ಥಳವೂ ಒಂದೇ. ಇಕ್ಕಟ್ಟಾದ ಬಾಗಿಲನ್ನು ಸರದಿಯರಿತು ಹಾಯುವ ಇಬ್ಬರಂತೆ ಅವು ಒಂದರ ಹಿಂದೊಂದು ಅಲ್ಲಿಗೆ ಬರುವುವು. ಒಂದೇ ಕ್ಷಣದಲ್ಲಿ ಎಂದೂ ಬಾರವು. ಆ ಸರದಿಯನ್ನು ಕಾಯುವುದು ಕ್ರ್ಯಾಂಕ್‌ಶಾಫ್ಟಿನಿಂದ ಕ್ಯಾಮ್‌ಶಾಫ್ಟಿಗೆ ಹಾಯ್ದ ಆ ಪಟ್ಟಿ ಅಥವಾ ಸರಪಣಿ. ಅದು ಹರಿದರೆ ಕ್ಯಾಮ್‌ಶಾಫ್ಟು ನಿಲ್ಲುವುದು. ಕ್ರ್ಯಾಂಕ್‌ಶಾಫ್ಟು ತನ್ನ ವೇಗದ ಭರದಿಂದ ಇನ್ನೂ ತಿರುಗುವುದು. ತೆರೆದು ನಿಂತ ವಾಲ್ವುಗಳಿಗೆ ಪಿಸ್ಟನ್ನುಗಳು ಬಡಿದು ಅವನ್ನು ಬಗ್ಗಿಸುವುವು. ಕೆಲವು ಸಾರಿ ಪಿಸ್ಟನ್ನುಗಳೂ ಒಡೆಯುವುವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಂಜಿನ್ನು ಹಾಳಾಗುವುದು.

ಈ ಕಾಲನಿಯಾಮಕ ಅಂಗವನ್ನು ಶಿಲ್ಪಿಗಳು ಎರಡು ಬಗೆಯಾಗಿ ಮಾಡಿರುವರು. ಹಳೆಯದು ಉಕ್ಕಿನ ಸರಪಣಿ. ೧೯೪೮ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡ ಜಾಗ್ವಾರ್ ಎಕ್ಸ್‌ಕೆ ೧೨೦ರ ಎಂಜಿನ್ನಿನಲ್ಲಿದ್ದುದು ಅದೇ. ಹೊಸದು ಹಲ್ಲುಗಳುಳ್ಳ ರಬ್ಬರಿನ ಪಟ್ಟಿ. ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದ ಕಾರುಗಳಲ್ಲಿ ಅದು ಮೊದಲು ಬಂದುದು ೧೯೬೨ರಲ್ಲಿ, ಜರ್ಮನಿಯ ಗ್ಲಾಸ್ ಕಂಪೆನಿಯ ೧೦೦೪ ಎಂಬ ಸಣ್ಣ ಕಾರಿನಲ್ಲಿ. ೧೯೬೬ರಲ್ಲಿ ಇಟಲಿಯ ಫಿಯಟ್ ೧೨೪ ಸ್ಪೋರ್ಟ್ ಅದನ್ನು ಕೈಗೊಂಡಿತು. ೧೯೭೩ರಿಂದ ಮಾರಾಟಕ್ಕೆ ಬಂದ ಫೆರಾರಿಯ ೩೬೫ ಜಿಟಿ೪ ಬಿಬಿ ಎಂಬ ಹನ್ನೆರಡು ಸಿಲಿಂಡರಿನ ಕಾರಿನಲ್ಲಿಯೂ, ೧೯೮೨ರ ಪೋರ್ಷೆ ೯೪೪ರಲ್ಲಿಯೂ ಅದೇ ಇದ್ದಿತು. ಪಟ್ಟಿಯು ಹಗುರ, ಸದ್ದಿಲ್ಲದೆ ನಡೆಯುವುದು, ಅಗ್ಗ, ಸರಪಣಿಗೆ ಬೇಕಾದ ಎಣ್ಣೆಯ ಅಭ್ಯಂಜನವೂ ಅದಕ್ಕೆ ಬೇಡ. ಈ ಸುಗುಣಗಳಿಗೆಲ್ಲ ಅದು ಕೇಳುವ ಬೆಲೆ ಒಂದೇ. ಅದಕ್ಕೆ ಆಯುಷ್ಯವು ಮಿತವಾದುದು. ಆ ಆಯುಷ್ಯವು ಮುಗಿಯುತ್ತ ಬಂದಿತೆಂಬುದನ್ನು ಅದು ಸಾಮಾನ್ಯವಾಗಿ ಯಾರಿಗೂ ತಿಳಿಸುವುದಿಲ್ಲ.

ಸರಪಣಿಯ ಸ್ವಭಾವವು ಬೇರೆ. ಅದು ಬೆಳೆಯಿತೆಂದು ಜನರು ಹೇಳುವರಷ್ಟೆ. ಉಕ್ಕಿನ ಕೊಂಡಿಗಳು ನಿಜವಾಗಿ ಬೆಳೆಯುವುದಿಲ್ಲ. ಕೊಂಡಿ ಕೊಂಡಿಗೂ ನಡುವೆ ಇರುವ ಮೊಳೆಗಳೂ ಅವುಗಳ ಗೂಡುಗಳೂ ಕೂದಲೆಳೆಯಷ್ಟು ಸವೆದು, ಆ ಸವೆತವೆಲ್ಲ ಕೂಡಿ ಸರಪಣಿಯು ಸಡಿಲವಾಗುವುದು. ಸಡಿಲವಾದ ಸರಪಣಿಯು ಬೆಳಗಿನ ತಣ್ಣನೆಯ ಎಂಜಿನ್ನನ್ನು ನಡೆಸಿದೊಡನೆ ಗಲಗಲನೆ ಸದ್ದುಮಾಡುವುದು, ವಾಲ್ವುಗಳ ಕಾಲವು ತುಸು ಹಿಂದುಳಿಯುವುದು, ಬಲವು ಕುಗ್ಗುವುದು. ಅಂದರೆ ಅದು ದೂರು ಕೊಡುವುದು. ಅದಕ್ಕೂ ಸಂಗಡಿಗರ ದೋಷವುಂಟು. ಪೋರ್ಷೆ ೯೧೧ರ ಹಳೆಯ ಕಾರುಗಳಲ್ಲಿ ಸರಪಣಿಗಿಂತ ಮೊದಲು ಸೋಲುತ್ತಿದ್ದುದು ಅದನ್ನು ಬಿಗಿಹಿಡಿಯುವ ಟೆನ್ಷನರು. ೧೯೮೪ರ ಮಾದರಿಯ ಕ್ಯಾರೆರಾದಲ್ಲಿ ಎಂಜಿನ್ನಿನ ಎಣ್ಣೆಯ ಒತ್ತಡದಿಂದಲೇ ನಡೆಯುವ ಟೆನ್ಷನರನ್ನಿಟ್ಟು ಆ ಕುಂದನ್ನು ಬಹುಮಟ್ಟಿಗೆ ನೀಗಿಸಿದರು. ೧೯೯೬ರ ಜಾಗ್ವಾರ್ ಎಕ್ಸ್‌ಕೆ ೮ರಲ್ಲಿ ಸರಪಣಿಯು ಗಟ್ಟಿಯಾಗಿದ್ದರೂ ಪ್ಲಾಸ್ಟಿಕ್ಕಿನ ಟೆನ್ಷನರುಗಳು ಬಿರುಕುಬಿಟ್ಟುವು. ಆದುದರಿಂದ ಸರಪಣಿಯುಳ್ಳ ಕಾರಿನ ಒಡೆಯನು ನಿಶ್ಚಿಂತನೆಂದಲ್ಲ. ಅವನಿಗೆ ಅನೇಕ ವೇಳೆ ಎಚ್ಚರಿಕೆಯ ದನಿಯೊಂದು ಕೇಳಿಸುವುದೆಂದಷ್ಟೇ ಅರ್ಥ. ಪಟ್ಟಿಯುಳ್ಳ ಕಾರಿನ ಒಡೆಯನಿಗೆ ಆ ಭಾಗ್ಯವೂ ಇಲ್ಲ.

ಇಲ್ಲಿ ಪ್ರಮಾಣವಿಚಾರವು ಬರುವುದು. ವಸ್ತುವೊಂದರ ಸ್ಥಿತಿಯನ್ನು ಮನುಷ್ಯನು ಯಾವ ದಾರಿಯಿಂದ ಅರಿಯುವನು? ಮೊದಲನೆಯದು ಪ್ರತ್ಯಕ್ಷ. ಮೇಲಿನ ಮುಚ್ಚಳವನ್ನು ತೆಗೆದು, ದೀಪವನ್ನು ಹಿಡಿದು ಪಟ್ಟಿಯನ್ನು ನೋಡಬಹುದು. ಬಿರುಕೋ, ಎಣ್ಣೆಯ ಕಲೆಯೋ, ಸವೆದ ಹಲ್ಲೋ ಕಂಡರೆ ಬದಲಿಸುವುದು ನಿಶ್ಚಯ. ಕಾಣದಿದ್ದರೆ? ಒಡೆಯನು ಸಂತೋಷದಿಂದ, ದೋಷವು ಕಾಣಲಿಲ್ಲವಾದುದರಿಂದ ದೋಷವಿಲ್ಲ ಎನ್ನುವನು. ಭಾರತದ ತರ್ಕಶಾಸ್ತ್ರಜ್ಞರು ಈ ಬಗೆಯ ವಾದವನ್ನು ಶತಮಾನಗಳ ಹಿಂದೆಯೇ ಸೋಸಿ ನೋಡಿರುವರು. ಕಾಣದಿರುವುದೇ ಇಲ್ಲದಿರುವುದಕ್ಕೆ ಪ್ರಮಾಣವಾಗಬೇಕಾದರೆ, ಆ ವಸ್ತುವು ಇದ್ದಿದ್ದ ಪಕ್ಷದಲ್ಲಿ ಕಾಣಿಸಿಯೇ ತೀರುತ್ತಿದ್ದಿತು ಎಂಬಂತಿರಬೇಕು. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಬೆಳಕಿರುವ ಕೋಣೆಯ ನೆಲದ ಮೇಲೆ ಕೊಡವು ಕಾಣದಿದ್ದರೆ ಕೊಡವಿಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ಪಟ್ಟಿಯ ಬಲವೆಲ್ಲ ಇರುವುದು ರಬ್ಬರಿನೊಳಗೆ ಹುದುಗಿದ ಗಾಜಿನ ನೂಲುಗಳಲ್ಲಿ. ಕಾವಿನಿಂದಲೂ ಬಾಗುವಿಕೆಯಿಂದಲೂ ಕಾಲದಿಂದಲೂ ಬಳಲುವುವು ಆ ನೂಲುಗಳು. ಕಣ್ಣಿಗೆ ಬೀಳುವುದು ಮಾತ್ರ ಮೇಲಣ ರಬ್ಬರು. ಮೇಲ್ಮೈ ನಯವಾಗಿರುವುದನ್ನು ಕಂಡು ನೂಲು ಗಟ್ಟಿಯೆನ್ನುವುದು, ಕತ್ತಲೆಯ ಕೋಣೆಯಲ್ಲಿ ನಿಂತು ಕೊಡವಿಲ್ಲವೆಂದು ಸಾರಿದಂತಾಗುವುದು.

ಎರಡನೆಯದು ಅನುಮಾನಪ್ರಮಾಣ. ಹೊಗೆಯಿಂದ ಬೆಂಕಿಯನ್ನು ಅರಿಯುವಂತೆ ಗಲಗಲ ಶಬ್ದದಿಂದ ಸರಪಣಿಯ ಸಡಿಲವನ್ನು ಅರಿಯಬಹುದು. ಪಟ್ಟಿಯಲ್ಲಿ ಅಂಥ ಹೊಗೆಯಿಲ್ಲ. ಆದರೂ ಮನಸ್ಸು ಸುಮ್ಮನಿರದೆ ಒಂದು ಹುಸಿ ಅನುಮಾನವನ್ನು ಕಲ್ಪಿಸಿಕೊಳ್ಳುವುದು: “ಹತ್ತು ವರ್ಷ ಹರಿಯಲಿಲ್ಲ, ಆದುದರಿಂದ ಹನ್ನೊಂದನೆಯ ವರ್ಷವೂ ಹರಿಯದು.” ಸವೆಯದ ವಸ್ತುವಿನಲ್ಲಿ ಈ ಮಾತಿಗೆ ಸ್ವಲ್ಪ ಬಲವುಂಟು. ಸವೆಯುವ ವಸ್ತುವಿನಲ್ಲಿ ಅದು ತಲೆಕೆಳಗಾಗುವುದು. ಕಳೆದ ಒಂದೊಂದು ವರ್ಷವೂ ಭರವಸೆಗೆ ಕೂಡಿಸತಕ್ಕದ್ದಲ್ಲ, ಅದರಿಂದ ಕಳೆಯತಕ್ಕದ್ದು. ಹತ್ತು ವರ್ಷ ಸೇದಿದ ಬಾವಿಯ ಹಗ್ಗವನ್ನು ತೋರಿಸಿ, ಇದು ಎಂದೂ ಹರಿದಿಲ್ಲ ಎಂದು ಹೊಗಳುವವನು ಹಗ್ಗದ ವಯಸ್ಸನ್ನು ಹೇಳುತ್ತಿರುವನೇ ಹೊರತು ಅದರ ಬಲವನ್ನಲ್ಲ.

ಈ ಹುಸಿ ಭರವಸೆಯಲ್ಲಿರುವ ನೀತಿಯ ದೋಷವನ್ನು ಇಂಗ್ಲೆಂಡಿನ ಗಣಿತಜ್ಞನಾದ ವಿಲಿಯಂ ಕಿಂಗ್ಡನ್ ಕ್ಲಿಫರ್ಡನು ೧೮೭೭ರಲ್ಲಿ ನಂಬಿಕೆಯ ನೀತಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಒಂದು ದೃಷ್ಟಾಂತದಿಂದ ತೋರಿಸಿಕೊಟ್ಟಿರುವನು. ಹಡಗಿನ ಒಡೆಯನೊಬ್ಬನು ತನ್ನ ಹಳೆಯ ಹಡಗನ್ನು ಪರೀಕ್ಷಿಸಬೇಕೆಂಬ ಸಂದೇಹವನ್ನು, ಅದು ಇಷ್ಟು ಪ್ರಯಾಣಗಳನ್ನು ದಾಟಿಬಂದಿತಲ್ಲವೆ ಎಂದು ಅದುಮಿ, ನಿರ್ಮಲವಾದ ಮನಸ್ಸಿನಿಂದ ಜನರನ್ನು ಹತ್ತಿಸಿ ಕಳುಹಿಸುವನು. ಹಡಗು ಮುಳುಗುವುದು. ಅವನು ಅಪರಾಧಿಯೆಂಬುದರಲ್ಲಿ ವಿವಾದವಿಲ್ಲ. ಆದರೆ ಕ್ಲಿಫರ್ಡನು ಮುಂದಕ್ಕೆ ಹೋಗಿ, ಹಡಗು ಮುಳುಗದೆ ಸುಖವಾಗಿ ದಡ ಸೇರಿದ್ದರೂ ಅವನ ಅಪರಾಧವು ಎಳ್ಳಷ್ಟೂ ಕಡಮೆಯಾಗುತ್ತಿರಲಿಲ್ಲ ಎನ್ನುವನು. ಏಕೆಂದರೆ ಪ್ರಶ್ನೆಯು ನಂಬಿಕೆಯು ನಿಜವಾಯಿತೆ ಎಂಬುದಲ್ಲ, ಹಾಗೆ ನಂಬುವುದಕ್ಕೆ ಅವನಿಗೆ ಅಧಿಕಾರವಿದ್ದಿತೆ ಎಂಬುದು. ಹಳೆಯ ಪಟ್ಟಿಯ ಮೇಲೆ ವರ್ಷಗಳ ಕಾಲ ಓಡಿ ಏನೂ ಆಗದವನು ತನ್ನನ್ನು ಜಾಣನೆಂದು ಎಣಿಸಿಕೊಳ್ಳುವುದುಂಟು. ಅವನಿಗೆ ದೊರೆತುದು ಅದೃಷ್ಟ. ಅದನ್ನು ಅವನು ವಿವೇಕದ ಲೆಕ್ಕದಲ್ಲಿ ಬರೆದುಕೊಂಡಿರುವನು.

ಉಳಿದುದು ಶಬ್ದಪ್ರಮಾಣ, ಅಂದರೆ ತಯಾರಕನು ಪುಸ್ತಕದಲ್ಲಿ ಅಚ್ಚುಮಾಡಿಕೊಟ್ಟ ಅವಧಿ. ಇಷ್ಟು ಮೈಲಿಗೆ ಅಥವಾ ಇಷ್ಟು ವರ್ಷಕ್ಕೆ, ಯಾವುದು ಮೊದಲೋ ಆಗ ಬದಲಿಸತಕ್ಕದ್ದು ಎಂದು ಅವನು ಹೇಳಿರುವನು. ಶಬ್ದವು ಪ್ರಮಾಣವಾಗಬೇಕಾದರೆ ಹೇಳಿದವನು ಆಪ್ತನಾಗಿರಬೇಕು. ವಿಷಯವನ್ನು ಬಲ್ಲವನೂ, ಬಲ್ಲುದನ್ನು ಇದ್ದಂತೆ ಹೇಳಲು ಇಷ್ಟವುಳ್ಳವನೂ ಆಗಿರಬೇಕು. ತಯಾರಕನು ಬಲ್ಲವನೆಂಬುದು ನಿಜ. ಅನೇಕ ಪಟ್ಟಿಗಳನ್ನು ಓಡಿಸಿ ಹರಿಸಿ ನೋಡಿದವನು ಅವನೊಬ್ಬನೇ. ಅವನು ನಿಸ್ಪೃಹನೆ? ಹೊಸ ಪಟ್ಟಿಯನ್ನು ಮಾರುವವನೂ ಅವನೇ ಅಲ್ಲವೆ ಎಂದು ಒಡೆಯನು ಶಂಕಿಸುವನು. ಕೂಲಿಯನ್ನು ಪಡೆಯುವ ಮೆಕ್ಯಾನಿಕ್ಕನ ಮಾತಿನಲ್ಲಿಯೂ ಅದೇ ಶಂಕೆ. ಈ ಶಂಕೆಯು ಅಸಂಗತವಲ್ಲ. ಆದರೆ ಲಾಭವುಳ್ಳವನ ಮಾತೆಲ್ಲ ಸುಳ್ಳೆಂದಾದರೆ, ಖರ್ಚನ್ನು ಉಳಿಸಿಕೊಳ್ಳಬೇಕೆಂಬ ಒಡೆಯನ ಅಭಿಪ್ರಾಯವೂ ಸುಳ್ಳೇ ಆಗಬೇಕು. ಏಕೆಂದರೆ ಅವನಿಗೂ ಲಾಭವುಂಟು. ಇಬ್ಬರೂ ಸ್ವಾರ್ಥಿಗಳಾಗಿರುವಲ್ಲಿ, ಬಲ್ಲ ಸ್ವಾರ್ಥಿಯ ಮಾತಿಗೆ ಅರಿಯದ ಸ್ವಾರ್ಥಿಯ ಮಾತಿಗಿಂತ ಹೆಚ್ಚು ತೂಕ.

“ಯಾವುದು ಮೊದಲೋ ಆಗ” ಎಂಬ ಮಾತನ್ನು ಜನರು ಸುಲಭವಾಗಿ ಮರೆಯುವರು. ಸ್ಪೋರ್ಟ್ಸ್ ಕಾರು ನಿತ್ಯೋಪಯೋಗದ ವಾಹನವಲ್ಲ. ಹಲವು ತಿಂಗಳು ಬಟ್ಟೆ ಹೊದೆದು ಕೊಟ್ಟಿಗೆಯಲ್ಲಿ ನಿಂತಿರುವುದು. ಹದಿನೈದು ವರ್ಷಗಳಲ್ಲಿ ಅಲ್ಪದೂರ ಓಡಿದ ಕಾರನ್ನು ಕೊಳ್ಳುವವನು ಅದರ ಎಲ್ಲ ಅಂಗಗಳೂ ಹೊಸವೆಂದು ಹಿಗ್ಗುವನು. ಕಬ್ಬಿಣದ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜವಾಗಬಹುದು. ರಬ್ಬರು ಮೈಲಿಯನ್ನು ಮಾತ್ರ ಎಣಿಸುವುದಿಲ್ಲ, ಸಂವತ್ಸರವನ್ನೂ ಎಣಿಸುವುದು. ಬಳಸದೆ ಇಟ್ಟುದು ಉಳಿಯುವುದೆಂಬುದು ಎಲ್ಲ ವಸ್ತುಗಳಿಗೂ ಸಲ್ಲುವ ಮಾತಲ್ಲ.

ಇಷ್ಟನ್ನು ಒಪ್ಪಿದರೆ, ಸಂಶಯ ಬಂದಾಗಲೆಲ್ಲ ಬದಲಿಸುವುದೇ ಧರ್ಮವೆಂದು ತೋರಬಹುದು. ಅದಕ್ಕೂ ಬಲವಾದ ಪ್ರತಿವಾದವುಂಟು. ಬದಲಿಸುವ ಕಾರ್ಯವೂ ನಿರಪಾಯವಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡಿನ ವಿಮಾನಗಳ ಲೆಕ್ಕವನ್ನು ಪರಿಶೀಲಿಸಿದ ವಿಜ್ಞಾನಿಗಳಿಗೆ ಒಂದು ಸೋಜಿಗವು ಕಂಡಿತು: ನಿಯತವಾದ ತಪಾಸಣೆಯು ಮುಗಿದೊಡನೆ ಕೆಡಕುಗಳು ಕಡಮೆಯಾಗುವ ಬದಲು ಹೆಚ್ಚಾಗುತ್ತಿದ್ದುವು. ಸಿ. ಎಚ್. ವ್ಯಾಡಿಂಗ್ಟನ್ನನು ೧೯೭೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದನು. ನೆಟ್ಟಗಿದ್ದುದನ್ನು ಬಿಚ್ಚಿ ಕಟ್ಟುವಾಗ ಕೈಗಳೇ ಹೊಸ ದೋಷಗಳನ್ನು ತಂದಿಡುವುವು. ೧೯೭೮ರಲ್ಲಿ ಅಮೆರಿಕದ ನೌಲನ್ ಮತ್ತು ಹೀಪ್ ಎಂಬಿಬ್ಬರು ವಿಮಾನಗಳ ರಕ್ಷಣೆಯನ್ನು ಕುರಿತು ಸಿದ್ಧಪಡಿಸಿದ ವರದಿಯು, ಪರಿಶೀಲಿಸಿದ ಭಾಗಗಳಲ್ಲಿ ನೂರಕ್ಕೆ ಸುಮಾರು ೮೯ರಷ್ಟಕ್ಕೆ ವಯಸ್ಸಿನ ಗಡುವನ್ನು ಇಡುವುದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ೧೯೯೪ರ ಫೆರಾರಿ ಎಫ್ ೩೫೫ರಲ್ಲಿ ಪಟ್ಟಿಯನ್ನು ಬದಲಿಸಬೇಕಾದರೆ ಎಂಜಿನ್ನನ್ನೇ ಕಾರಿನಿಂದ ಕೆಳಗಿಳಿಸಬೇಕು. ಎಷ್ಟೋ ಕೊಳವೆಗಳನ್ನೂ ತಂತಿಗಳನ್ನೂ ಬಿಡಿಸಿ ಮತ್ತೆ ಕೂಡಿಸಬೇಕು. ಒಂದು ಹಲ್ಲಿನಷ್ಟು ತಪ್ಪಿ ಕೂರಿಸಿದರೂ, ಬಿಗಿತವು ಹೆಚ್ಚಾದರೂ ಕಡಮೆಯಾದರೂ, ಕಾಪಾಡಲು ಹೊರಟ ಎಂಜಿನ್ನೇ ಕೆಡಬಹುದು. ೧೯೯೯ರ ೩೬೦ ಮಾದರಿಯಲ್ಲಿ ಆಸನಗಳ ಹಿಂದಣ ಮುಚ್ಚಳವನ್ನು ತೆಗೆದು ಕೆಲಸಮಾಡಲು ಅವಕಾಶವಾಯಿತು. ೨೦೦೪ರ ಎಫ್ ೪೩೦ರಲ್ಲಿ ಫೆರಾರಿಯವರು ಪಟ್ಟಿಯನ್ನು ಬಿಟ್ಟು ಸರಪಣಿಯನ್ನಿಟ್ಟರು.

ಹಾಗಾದರೆ ಎರಡು ವಾದಗಳಲ್ಲಿ ಯಾವುದನ್ನು ಹಿಡಿಯುವುದು? ಎರಡೂ ನಿಜವಾದರೂ ಅವುಗಳ ವಿಷಯವು ಬೇರೆ ಬೇರೆ. ವಿಮಾನದ ಬಹುಪಾಲು ಭಾಗಗಳು ವಯಸ್ಸಿನ ಕಾರಣದಿಂದ ಕೆಡುವುವಲ್ಲ. ಅಂಥವನ್ನು ಗಡುವಿಟ್ಟು ಬದಲಿಸುವುದು ವ್ಯರ್ಥ. ರಬ್ಬರಿನ ಪಟ್ಟಿಯು ಉಳಿದ ಸಣ್ಣ ಗುಂಪಿಗೆ, ಅಂದರೆ ವಯಸ್ಸಿನಿಂದಲೇ ಸಾಯುವ ವಸ್ತುಗಳ ಗುಂಪಿಗೆ ಸೇರಿದುದು. ಆದುದರಿಂದ ಬದಲಿಸಬೇಕೆ ಬೇಡವೆ ಎಂದು ಕೇಳುವ ಮೊದಲು ಒಡೆಯನು ಮೂರು ವಿಷಯಗಳನ್ನು ವಿಚಾರಿಸಬೇಕು. ಆ ವಸ್ತುವು ಕಾಲದಿಂದ ಸವೆಯುವ ಜಾತಿಯದೆ? ಸವೆತವು ಮುಂಚಿತವಾಗಿ ಚಿಹ್ನೆಯನ್ನು ತೋರುವುದೆ? ಅದು ಸೋತರೆ ಬರುವ ನಷ್ಟವು ಎಷ್ಟು, ಯಾರದು?

ಚಿಹ್ನೆಯನ್ನು ತೋರುವುದಾದರೆ ಕಿವಿಗೊಟ್ಟು ಕಾಯುವುದು ಆಲಸ್ಯವಲ್ಲ. ಅದೂ ಒಂದು ಬಗೆಯ ಜಾಗರೂಕತೆ. ಗಲಗಲ ಸದ್ದಿಲ್ಲದ ಸರಪಣಿಯನ್ನು ಬರಿಯ ಭಯದಿಂದ ಕೀಳುವವನು ದುಂದುಗಾರನು. ಸದ್ದನ್ನು ಕೇಳಿಯೂ ಹಾಡಿನ ಪೆಟ್ಟಿಗೆಯ ದನಿಯನ್ನು ಏರಿಸುವವನು ಅಪರಾಧಿ. ನಷ್ಟದ ಪ್ರಮಾಣವೂ ಅಷ್ಟೇ ಮುಖ್ಯ. ೧೯೮೯ರಲ್ಲಿ ಹೊರಬಂದ ಜಪಾನಿನ ಮಾಜ್ದಾ ಎಂಎಕ್ಸ್-೫ ಎಂಬ ಸಣ್ಣ ಸ್ಪೋರ್ಟ್ಸ್ ಕಾರಿನ ೧.೬ ಲೀಟರಿನ ಎಂಜಿನ್ನಿನಲ್ಲಿಯೂ ರಬ್ಬರಿನ ಪಟ್ಟಿಯೇ ಇದ್ದಿತು. ಆದರೆ ಅಲ್ಲಿ ವಾಲ್ವುಗಳೂ ಪಿಸ್ಟನ್ನುಗಳೂ ಒಂದನ್ನೊಂದು ಮುಟ್ಟದಷ್ಟು ತೆರವು ಇರುವುದರಿಂದ ಪಟ್ಟಿ ಹರಿದರೆ ಕಾರು ನಿಲ್ಲುವುದೇ ಹೊರತು ಎಂಜಿನ್ನು ಹಾಳಾಗುವುದಿಲ್ಲ. ಪೋರ್ಷೆ ೯೪೪ರಲ್ಲಿ ಆ ತೆರವಿಲ್ಲ. ಒಂದೇ ಬಗೆಯ ಪಟ್ಟಿ, ಒಂದೇ ವಯಸ್ಸು. ಒಬ್ಬ ಒಡೆಯನಿಗೆ ತುಸು ಕಾಯುವ ಸ್ವಾತಂತ್ರ್ಯವುಂಟು, ಮತ್ತೊಬ್ಬನಿಗೆ ಇಲ್ಲ. ಕರ್ತವ್ಯವು ವಸ್ತುವಿನಲ್ಲಿ ಇಲ್ಲ. ವಸ್ತುವು ಸೋತಾಗ ಏನಾಗುವುದೆಂಬ ತಿಳಿವಿನಲ್ಲಿರುವುದು.

ನಷ್ಟವು ಯಾರದೆಂಬುದು ಕೊನೆಯ ಪ್ರಶ್ನೆಯಾದರೂ ಎಲ್ಲಕ್ಕಿಂತ ಭಾರವಾದುದು. ಎಂಜಿನ್ನು ತನ್ನದು, ಹಾಳಾದರೆ ಹಣವೂ ತನ್ನದು, ಇದರಲ್ಲಿ ಪರರಿಗೇನು ಎಂದು ಒಡೆಯನು ಕೇಳಬಹುದು. ಹೆದ್ದಾರಿಯಲ್ಲಿ ವೇಗವಾಗಿ ಹೋಗುತ್ತಿರುವಾಗ ಎಂಜಿನ್ನು ಥಟ್ಟನೆ ನಿಂತರೆ, ಬ್ರೇಕಿಗೂ ಸ್ಟಿಯರಿಂಗಿಗೂ ದೊರೆಯುತ್ತಿದ್ದ ಎಂಜಿನ್ನಿನ ನೆರವು ಇಲ್ಲವಾಗುತ್ತ ಬರುವುದು. ಹಿಂದೆ ಬರುವ ಲಾರಿಯವನಿಗೆ ಇದೊಂದೂ ತಿಳಿದಿರುವುದಿಲ್ಲ. ಪಕ್ಕದಲ್ಲಿ ಕುಳಿತವಳು ಪಟ್ಟಿಯ ವಯಸ್ಸನ್ನು ಕೇಳಿ ಕಾರನ್ನು ಹತ್ತಿದವಳಲ್ಲ. ತನ್ನ ಹಣವನ್ನು ಪಣವಾಗಿಡುವ ಅಧಿಕಾರವು ಒಡೆಯನಿಗುಂಟು. ಅವರ ಸುರಕ್ಷತೆಯನ್ನು ಪಣವಾಗಿಡುವ ಅಧಿಕಾರವಿಲ್ಲ. ಕಾರನ್ನು ಕೊಳ್ಳುವವನ ವಿಷಯವೂ ಹೀಗೆಯೇ. ಪಟ್ಟಿಯ ಗಡುವು ಮೀರಿತೆಂದು ಅರಿತು, ಬಣ್ಣಕ್ಕೆ ಹೊಳಪು ಕೊಟ್ಟು, ಮೌನವಾಗಿ ಮಾರುವವನು ಸುಳ್ಳನ್ನಾಡಿಲ್ಲ. ಆದರೂ ತನ್ನ ಅಪಾಯವನ್ನು ಪರರ ಹೆಗಲಿಗೇರಿಸಿ ಅದಕ್ಕೆ ಬೆಲೆಯನ್ನೂ ಪಡೆದಿರುವನು.

ಬಡತನದ ಮಾತೊಂದು ಉಳಿದಿರುವುದು. ಹಳೆಯ ಸ್ಪೋರ್ಟ್ಸ್ ಕಾರಿನ ಬೆಲೆಯು ಇಳಿಯಬಹುದು. ಅದನ್ನು ನೋಡಿಕೊಳ್ಳುವ ಖರ್ಚು ಹಾಗೆ ಇಳಿಯುವುದಿಲ್ಲ. ಆಸೆಯಿಂದ ಅಗ್ಗಕ್ಕೆ ಕೊಂಡವನಿಗೆ ಪಟ್ಟಿಯ ಜೊತೆಗೆ ಅದರ ಟೆನ್ಷನರು, ಉರುಳೆಗಳು, ಕೆಲವು ಕಾರುಗಳಲ್ಲಿ ಅದೇ ಪಟ್ಟಿಯಿಂದ ತಿರುಗುವ ನೀರಿನ ಪಂಪು, ಇವೆಲ್ಲವುಗಳ ವೆಚ್ಚವು ಮೀರಿದ ಹೊರೆಯಾಗುವುದು. ಅವನ ಸಂಕಟವು ನಿಜ. ಆದರೂ ಅವನ ಮುಂದೆ ಮೂರು ನೇರವಾದ ದಾರಿಗಳುಂಟು: ಹಣ ಕೂಡಿಸಿ ಬದಲಿಸುವುದು, ಕೂಡುವವರೆಗೆ ಕಾರನ್ನು ನಿಲ್ಲಿಸುವುದು, ಇದ್ದುದನ್ನು ಇದ್ದಂತೆ ತಿಳಿಸಿ ಮಾರುವುದು. ನಿಧಾನವಾಗಿ ಓಡಿಸುತ್ತಿದ್ದರೆ ಸಾಕೆಂಬ ನಾಲ್ಕನೆಯದು ದಾರಿಯಲ್ಲ. ಭಯವನ್ನು ಸಮಾಧಾನಪಡಿಸಿಕೊಳ್ಳುವ ಉಪಾಯ ಮಾತ್ರ.

ಸಕಾಲದಲ್ಲಿ ಬದಲಿಸಿದವನಿಗೆ ಪ್ರತಿಫಲವೇನು? ತೆಗೆದ ಪಟ್ಟಿಯು ಮೇಜಿನ ಮೇಲೆ ಬಿದ್ದಿರುವುದು. ಇನ್ನೂ ಗಟ್ಟಿಯಾಗಿಯೇ ಕಾಣುವುದು. ಅದು ಎಂದು ಹರಿಯುತ್ತಿದ್ದಿತೆಂಬುದನ್ನು ಯಾರೂ ಹೇಳಲಾರರು. ತಪ್ಪಿದ ಅನರ್ಥಕ್ಕೆ ಸಾಕ್ಷಿಯಿಲ್ಲ. ಆದುದರಿಂದ ಈ ಬಗೆಯ ವಿವೇಕವನ್ನು ಯಾರೂ ಹೊಗಳುವುದಿಲ್ಲ, ಹಣದ ಲೆಕ್ಕವನ್ನು ನೋಡಿದಾಗ ಒಡೆಯನ ಮನಸ್ಸೇ ಅದನ್ನು ಹಳಿಯುವುದುಂಟು. ಹೊಗಳಿಕೆಯನ್ನು ನಿರೀಕ್ಷಿಸದೆ ಮಾಡಬೇಕಾದ ಕಾರ್ಯಗಳ ಸಾಲಿಗೆ ಇದು ಸೇರಿದುದು. ಒಳ್ಳೆಯ ಮೆಕ್ಯಾನಿಕ್ಕನು ಕೆಲಸವನ್ನು ಮುಗಿಸಿದ ಮೇಲೆ, ಪಟ್ಟಿಯನ್ನು ಬದಲಿಸಿದ ತಾರೀಖನ್ನೂ ಆಗ ಕಾರು ಓಡಿದ್ದ ಮೈಲಿಯನ್ನೂ ಒಂದು ಚೀಟಿಯಲ್ಲಿ ಬರೆದು ಎಂಜಿನ್ನಿನ ಬಳಿ ಅಂಟಿಸುವನು. ಅದನ್ನು ಮುಂದೆ ಓದುವವನು ಇಂದಿನ ಒಡೆಯನೇ ಆಗಿರಬೇಕೆಂಬ ನಿಯಮವಿಲ್ಲ. ಆ ಕಾರು ಯಾರ ಕೈಗೆ ಹೋದರೂ, ಕಣ್ಣಿಗೆ ಕಾಣದ ಆ ಪಟ್ಟಿಯ ವಯಸ್ಸು ಅವನಿಗೆ ತಿಳಿದಿರುವುದು.